ಹಿಂಭಾರ

ಹೊರಡುವುದಕ್ಕಿಂತ ಹೊರಡುವ ಸನ್ನಾಹವೇ ಕಷ್ಟ. ಒಂದು ಚೀಲವನ್ನು ಹೆಗಲಿಗೇರಿಸಿ ರೈಲು ನಿಲ್ದಾಣಕ್ಕೆ ನಡೆಯುವವನಿಗೇ ಈ ಮಾತು ಒಪ್ಪುವುದಾದರೆ, ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಡುವವರ ಪಾಡನ್ನು ಕೇಳಬೇಕೆ? ಕಳೆದ ಬೇಸಗೆಯ ರಜೆಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದಾಗ ಅಂಥದೊಂದು ಪ್ರಯಾಣಕ್ಕೆ ನಾನು ಸಾಕ್ಷಿಯಾದೆ. ಸಾಕ್ಷಿ ಮಾತ್ರವಲ್ಲ, ಅಷ್ಟಿಷ್ಟು ಕೂಲಿಯಾಳೂ ಆದೆ.

ಟ್ರಾವೆಲ್ ಟ್ರೇಲರ್ ಎಂದು ಅಲ್ಲಿಯವರು ಕರೆಯುವ ಈ ವಾಹನಕ್ಕೆ ಸ್ವಂತ ಎಂಜಿನ್ನಿಲ್ಲ. ಗಾಲಿಗಳ ಮೇಲೆ ಕುಳಿತ ಒಂದು ಪುಟ್ಟ ಮನೆ, ಅಷ್ಟೆ. ಒಳಗೆ ಮಂಚ, ಗ್ಯಾಸಿನ ಒಲೆ, ನೀರಿನ ತೊಟ್ಟಿ, ಬಚ್ಚಲು, ಊಟದ ಮೇಜು ಎಲ್ಲವೂ ಇರುತ್ತವೆ. ಮೋಟಾರಿನ ಹಿಂಬದಿಗೆ ಇದನ್ನು ಕಟ್ಟಿ, ಬೇಕಾದಲ್ಲಿಗೆ ಎಳೆದೊಯ್ದು, ಸರೋವರದ ದಡದಲ್ಲೋ ಕಾಡಿನ ಅಂಚಿನಲ್ಲೋ ನಿಲ್ಲಿಸಿ ಸಂಸಾರ ಹೂಡುತ್ತಾರೆ. ನೆರೆಯ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಆಸುಪಾಸು ಇಂಥ ಮನೆಗಳನ್ನು ಕಟ್ಟುವ ಕಾರ್ಖಾನೆಗಳಿಗೇ ಹೆಸರಾಗಿದೆ.

ಇದರ ಚರಿತ್ರೆಯಲ್ಲಿ ಮಿಷಿಗನ್ನಿಗೂ ಒಂದು ಪಾಲುಂಟು. 1929ರಲ್ಲಿ ಡೆಟ್ರಾಯಿಟ್ ನಗರದ ಆರ್ಥರ್ ಷೆರ್ಮನ್ ಎಂಬ ಸೂಕ್ಷ್ಮಾಣು ವಿಜ್ಞಾನಿ ಮಡಿಸಿ ಬಿಚ್ಚುವ ಗುಡಾರದ ಟ್ರೇಲರೊಂದನ್ನು ಕೊಂಡು, ಮಡದಿ ಮಕ್ಕಳೊಡನೆ ಉತ್ತರದ ಕಡೆಗೆ ಹೊರಟನು. ಐದೇ ನಿಮಿಷದಲ್ಲಿ ಬಿಚ್ಚಿ ನಿಲ್ಲಿಸಬಹುದೆಂದು ಮಾರಿದವರು ಹೇಳಿದ್ದರು. ದಾರಿಯಲ್ಲಿ ಮಳೆ ಹಿಡಿಯಿತು, ಗುಡಾರ ಬಿಚ್ಚಿಕೊಳ್ಳಲೊಲ್ಲದೆ ಹೋಯಿತು. ಮನೆಮಂದಿಯೆಲ್ಲ ತೊಯ್ದ ಮೇಲೆ, ಬಿಚ್ಚುವ ಗೋಜೇ ಇಲ್ಲದ ಗಟ್ಟಿ ಗೋಡೆಯ ಟ್ರೇಲರನ್ನು ಅವನೇ ಮಾಡಿಸಿದನು. 1930ರ ಡೆಟ್ರಾಯಿಟ್ ಮೋಟಾರು ಪ್ರದರ್ಶನದಲ್ಲಿ ಅದನ್ನು 400 ಡಾಲರಿನ ಬೆಲೆಗೆ ಇಟ್ಟಾಗ ಜನ ಮೆಚ್ಚಿ ಕೊಂಡರು. ಕೆಲವೇ ವರ್ಷಗಳಲ್ಲಿ ಅವನ ಕಾರ್ಖಾನೆ ಆ ದೇಶದಲ್ಲಿಯೇ ದೊಡ್ಡದೆನಿಸಿತು. ಆ ಟ್ರೇಲರಿಗೆ ಬಂದ ಹೆಸರು ‘ಕವರ್ಡ್ ವ್ಯಾಗನ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಮಾನು ಗಾಡಿ!

ಭಾವನವರು ತಮ್ಮ ಕಮಾನು ಗಾಡಿಯನ್ನು ಕೊಂಡದ್ದು ನಿವೃತ್ತಿಯ ವರ್ಷ. ಅಕ್ಕನನ್ನು ಕೂರಿಸಿಕೊಂಡು ಪ್ರತಿ ಬೇಸಗೆಯಲ್ಲೂ ಉತ್ತರದ ಪೆಟೋಸ್ಕಿ ಪಟ್ಟಣದ ಬಳಿ, ಮಿಷಿಗನ್ ಸರೋವರದ ದಡಕ್ಕೆ ಹೋಗುತ್ತಿದ್ದರು. ಹಿಂದಿನ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಗಾಡಿ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತು.

ಅಕ್ಕ ಸುಮ್ಮನೆ ಕೂರುವವಳಲ್ಲ. ವಸಂತ ಬಂದೊಡನೆ ಗಾಡಿ ಎಳೆಯುವ ತರಬೇತಿ ಪಡೆದಳು. ಒಬ್ಬಳೇ ಪೆಟೋಸ್ಕಿಗೆ ಹೋಗಿಬರುವೆನೆಂದು ಹೊರಟೂ ಬಿಟ್ಟಳು. ಇಪ್ಪತ್ತು ಮೈಲಿ ಹೋಗುವಷ್ಟರಲ್ಲಿ ಹಿಂದಿನ ಮನೆ ಹಾವಿನ ಬಾಲದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಹೇಗೋ ವೇಗ ತಗ್ಗಿಸಿ ರಸ್ತೆಯಂಚಿಗೆ ನಿಲ್ಲಿಸಿದಳು. ಅರ್ಧ ಗಂಟೆ ಕೈ ನಡುಗುತ್ತಿತ್ತಂತೆ. ನಾನು ಹೋದಾಗ ಗಾಡಿ ಮತ್ತೆ ಅಂಗಳದಲ್ಲಿತ್ತು.

“ಬೇಡ ಕಣೋ, ಇದು ನನ್ನ ಕೈಲಾಗುವ ಕೆಲಸವಲ್ಲ. ಮಾರಿಬಿಡುತ್ತೇನೆ” ಎಂದಳು.

ನನಗೆ ಮೋಟಾರು ನಡೆಸಲು ಬಾರದು. ನನ್ನ ವಿದ್ಯೆಯೆಲ್ಲ ಹಳಗನ್ನಡದ ಅನ್ವಯ, ಛಂದಸ್ಸುಗಳಲ್ಲಿ ಮುಗಿಯಿತು. ಆದರೆ ಅಕ್ಕನ ಮಾತು ಕೇಳುತ್ತಿದ್ದಂತೆ, ಹಾಸನದ ಕಡೆಯ ನಮ್ಮ ಊರಿನಲ್ಲಿ ಅಜ್ಜನ ಗಾಡಿ ಹೊಡೆಯುತ್ತಿದ್ದ ಆಳಿನ ಕೂಗು ಕಿವಿಯಲ್ಲಿ ಮೊಳಗಿತು. ಬೇಸಗೆ ರಜೆಗೆ ಹೋದ ಮಕ್ಕಳೆಲ್ಲ ಕಮಾನಿನ ಹಿಂದುಗಡೆ ಕಾಲು ಇಳಿಬಿಟ್ಟು ಕೂರಲು ಜಗಳವಾಡುತ್ತಿದ್ದೆವು. ಅವನು ತಿರುಗಿ ನೋಡಿ, “ಮುಂದಕ್ಕೆ ಸರೀರಪ್ಪೋ! ಹಿಂಭಾರ ಆಯ್ತು, ಎತ್ತಿನ ಕೊಳ್ ಹಿಡೀತದೆ!” ಎಂದು ಗದರುತ್ತಿದ್ದನು. ಹಿಂದೆ ಭಾರ ಹೆಚ್ಚಿದರೆ ಮೂಕಿ ಮೇಲಕ್ಕೆದ್ದು ನೊಗವನ್ನೆತ್ತುತ್ತದೆ, ಕೊರಳ ಹಗ್ಗ ಎತ್ತುಗಳ ಗಂಟಲನ್ನೊತ್ತುತ್ತದೆ. ಮುಂದೆ ಅತಿಯಾದರೆ ಹೆಗಲು ಹುಣ್ಣಾಗುತ್ತದೆ. ಗಾಡಿ ತುಂಬುವ ಕಲೆಯೆಲ್ಲ ಈ ಎರಡರ ನಡುವಣ ಹದದಲ್ಲಿದೆ.

“ಅಕ್ಕಾ, ಹಿಂದುಗಡೆ ಏನಿಟ್ಟಿದ್ದೀಯೆ?” ಎಂದೆ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗಾಡಿಯ ಬಾಗಿಲು ತೆರೆದು, ಹಿಂಬದಿಯ ಮಂಚದ ಹಲಗೆ ಎತ್ತಿ ತೋರಿಸಿದಳು. ಕೆಳಗೆ ಎರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಭಾವನವರ ಹತಾರಗಳು, ಇನ್ನೊಂದರಲ್ಲಿ ಕಲ್ಲುಗಳು. ಪೆಟೋಸ್ಕಿಯ ದಡದಲ್ಲಿ ಸಿಕ್ಕುವ ಈ ಕಲ್ಲುಗಳು ಸುಮಾರು 35 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಕಡಲಿನ ಹವಳದ ಪಳೆಯುಳಿಕೆಗಳು. 1965ರಲ್ಲಿ ಮಿಷಿಗನ್ ತನ್ನ ರಾಜ್ಯದ ಕಲ್ಲೆಂದು ಸಾರಿದ್ದು ಇದನ್ನೇ. ಸರಕಾರಿ ನೆಲದಲ್ಲಿ ಒಬ್ಬರು ವರ್ಷಕ್ಕೆ 25 ಪೌಂಡಿಗಿಂತ ಹೆಚ್ಚು ಕಲ್ಲು ಆಯುವಂತಿಲ್ಲ. ಭಾವನವರು ವರ್ಷ ವರ್ಷವೂ ಆಯ್ದು ತಂದು ಕಾರು ಕೊಟ್ಟಿಗೆಯಲ್ಲಿ ಜೋಡಿಸಿದ್ದರು. ಅವರು ಹೋದ ಮೇಲೆ ಅಕ್ಕ ಎರಡು ಪೆಟ್ಟಿಗೆಗಳನ್ನೂ ತಾನೇ ಎಳೆತಂದು, ಕಣ್ಣಿಗೆ ಬೀಳದಿರಲೆಂದು, ಆದರೂ ಜೊತೆಯಲ್ಲಿರಲೆಂದು, ಮಂಚದ ಕೆಳಗೆ ತುಂಬಿದ್ದಳು.

ಟ್ರೇಲರುಗಳ ಅನುಭವವಿದ್ದ ನೆರೆಮನೆಯ ವೃದ್ಧರು ನನ್ನ ಎತ್ತಿನ ಗಾಡಿಯ ಕಥೆ ಕೇಳಿ ನಗಲಿಲ್ಲ. ತಮ್ಮ ಗಾಡಿಯಿಂದಲೇ ಟ್ರೇಲರನ್ನೆಳೆದು, ಲಾರಿಗಳು ತಂಗುವ ತಾಣದಲ್ಲಿ ತೂಗಿಸಿದರು. ಒಟ್ಟು 5,000 ಪೌಂಡು. ತಮ್ಮಲ್ಲಿದ್ದ ಚಿಕ್ಕ ತೂಕದ ಯಂತ್ರವನ್ನು ಮೂಕಿಯ ಕೆಳಗಿಟ್ಟು ನೋಡಿದರೆ ಅಲ್ಲಿ ಬಿದ್ದ ಭಾರ 350 ಪೌಂಡು ಮಾತ್ರ. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಬೀಳಬೇಕೆಂಬುದು ಅಲ್ಲಿಯ ನಿಯಮ. ಎಂದರೆ 500ರಿಂದ 750 ಪೌಂಡು. ಕಡಿಮೆಯಾದರೆ ಬಾಲ ಹೊಯ್ದಾಡುತ್ತದೆ, ಹೆಚ್ಚಾದರೆ ಎಳೆಯುವ ಗಾಡಿಯ ಹಿಂಬದಿ ಕುಸಿದು, ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಅಕ್ಕನ ಕೈಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಭಾರದ ಜಾಗದಲ್ಲಿ.

“ಪೆಟ್ಟಿಗೆಗಳನ್ನು ಮನೆಯಲ್ಲೇ ಬಿಟ್ಟರಾಯಿತು” ಎಂದೆ ನಾನು.

“ಅದನ್ನು ಬಿಟ್ಟು ಹೋಗುವುದಾದರೆ ನಾನು ಯಾಕೆ ಹೋಗಲಿ?” ಎಂದಳು ಅಕ್ಕ.

ವೃದ್ಧರು ನಮ್ಮ ಕನ್ನಡವನ್ನರಿಯರು, ಮುಖವನ್ನರಿತರು. ಬಿಡಬೇಕಾದ್ದಿಲ್ಲ, ಮುಂದಕ್ಕೆ ತಂದರೆ ಸಾಕು ಎಂದರು. ಎರಡು ಪೆಟ್ಟಿಗೆಗಳೂ ಸೇರಿ 200 ಪೌಂಡು, ನಮ್ಮ ಲೆಕ್ಕದಲ್ಲಿ 90 ಕಿಲೋ. ಅವನ್ನು ಹೊತ್ತು ತಂದು ಮುಂಬದಿಯ ಸಾಮಾನಿನ ಗೂಡಿನಲ್ಲಿ ಭದ್ರವಾಗಿ ಕಟ್ಟಿದೆವು. ಮತ್ತೆ ತೂಗಿದಾಗ ಮೂಕಿಯ ಭಾರ 580 ಪೌಂಡು. ಗಾಡಿಗೆ ಒಂದು ಗುಲಗಂಜಿಯೂ ಕೂಡಲಿಲ್ಲ, ಕಳೆಯಲೂ ಇಲ್ಲ.

ಹೊರಡುವ ದಿನ ಬೆಳಗ್ಗೆ ಅಕ್ಕ ಬಾಗಿಲಿನ ಒಳಬದಿಗೆ ಅಂಟಿಸಿದ್ದ ಕಾಗದವೊಂದನ್ನು ನನಗೆ ಕೊಟ್ಟು, “ಓದುತ್ತಾ ಹೋಗು, ನಾನು ಮಾಡುತ್ತಾ ಬರುತ್ತೇನೆ” ಎಂದಳು. ಭಾವನವರ ದುಂಡನೆಯ ಕನ್ನಡ ಅಕ್ಷರಗಳ ಪಟ್ಟಿ ಅದು. ಗ್ಯಾಸು ಬಂದ್. ಕಪಾಟುಗಳ ಅಗುಳಿ. ಕೊಳೆನೀರಿನ ತೊಟ್ಟಿ ಬರಿದು. ಪಿಕಪ್ಪಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಮೂಕಿಯ ಬಟ್ಟಲು ಕೂತಿತೇ, ಬೀಗ ಬಿತ್ತೇ? ಸರಪಣಿಗಳೆರಡು, ಕತ್ತರಿಯಾಗಿ. ಕತ್ತರಿ ಏಕೆಂದರೆ, ಮೂಕಿ ಕಳಚಿದರೂ ನೆಲಕ್ಕೆ ಬಡಿಯದೆ ಆ ತೊಟ್ಟಿಲಲ್ಲಿ ಬೀಳಲೆಂದು. ಅದೂ ಹರಿದರೆ ಒಂದು ತೆಳು ತಂತಿ ಗೂಟವನ್ನು ಕಿತ್ತು ಟ್ರೇಲರಿನ ಬ್ರೇಕನ್ನು ತಾನಾಗಿ ಹಾಕುತ್ತದೆ. ಆಮೇಲೆ ದೀಪಗಳು. ಎಲ್ಲಕ್ಕೂ ಕೊನೆಗೆ, ಗಾಲಿಗಳಿಗೆ ಅಡ್ಡಕೊಟ್ಟ ತುಂಡುಗಳು. ಅವನ್ನು ತೆಗೆದ ಕಡೆ ಅಕ್ಕ ಒಂದೊಂದು ನಿಂಬೆಹಣ್ಣು ಇಟ್ಟಳು.

“ಇದು ಪಟ್ಟಿಯಲ್ಲಿಲ್ಲವಲ್ಲ” ಎಂದೆ.

“ಅವರು ನಂಬುತ್ತಿರಲಿಲ್ಲ. ನಾನು ಅವರು ನೋಡದಂತೆ ಇಡುತ್ತಿದ್ದೆ.”

ಪಟ್ಟಿಯ ಕಡೆಯ ಸಾಲು: ‘ಒಂದು ಪ್ರದಕ್ಷಿಣೆ.’ ಬಿಗಿ ತಪ್ಪಿದ್ದು, ತೆರೆದುಳಿದದ್ದು ಏನಾದರೂ ಇದೆಯೇ ಎಂದು ಸುತ್ತು ಬಂದು ನೋಡುವುದು ಅಲ್ಲಿಯ ಎಲ್ಲ ಪ್ರಯಾಣಿಕರ ರೂಢಿಯೇ. ಅಕ್ಕ ಸೆರಗಿಲ್ಲದ ಅಮೆರಿಕದ ಉಡುಪಿನಲ್ಲಿ, ಒಂದು ಕೈಯನ್ನು ಗೋಡೆಗೆ ತಾಗಿಸಿಕೊಂಡು, ನಿಧಾನವಾಗಿ ಸುತ್ತು ಬಂದಳು.

ಪೆಟೋಸ್ಕಿಗೆ ಸುಮಾರು 250 ಮೈಲಿ. ಫ್ಲಿಂಟ್ ನಗರದ ಬಳಿ ಹೆದ್ದಾರಿ ಸೇರಿದೆವು. ಅಕ್ಕ 60 ಮೈಲಿಯ ವೇಗವನ್ನು ದಾಟಲಿಲ್ಲ. ಟ್ರೇಲರಿನ ಬ್ರೇಕನ್ನು ಮಾತ್ರ ಹಾಕುವ ಪುಟ್ಟ ಸನ್ನೆಯ ಬಳಿ ಅವಳ ಬಲಗೈ ಸಿದ್ಧವಾಗಿತ್ತು. ಅಷ್ಟರಲ್ಲಿ ಭಾರಿ ಲಾರಿಯೊಂದು ಭೋರೆಂದು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿ ಬಡಿದು ನಮ್ಮ ಮನೆ ಒಮ್ಮೆ ವಾಲಿತು. ನಾನು ಉಸಿರು ಹಿಡಿದೆ. ವಾಲಿದ ಮನೆ ತಾನಾಗಿ ನೆಟ್ಟಗಾಯಿತು, ಮತ್ತೆ ಮಿಸುಕಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಕ್ಕನ ಬಲಗೈ ಸನ್ನೆಯನ್ನು ಬಿಟ್ಟು ಚಕ್ರಕ್ಕೆ ಬಂತು.

“ಎತ್ತಿನ ಕೊಳ್ ಬಿಡ್ತು ಕಣೋ” ಎಂದಳು.

ಸಂಜೆ ಸರೋವರದ ದಡದಲ್ಲಿ ಗಾಡಿ ನಿಲ್ಲಿಸಿ, ಗಾಲಿಗಳಿಗೆ ಅಡ್ಡಕೊಟ್ಟೆವು. ಅಕ್ಕ ಮುಂದಿನ ಗೂಡಿನಿಂದ ಒಂದು ಕಲ್ಲನ್ನು ತೆಗೆದುಕೊಂಡು ನೀರಿನಂಚಿಗೆ ನಡೆದಳು. ಒಣಗಿದಾಗ ಅದು ಬರಿಯ ಬೂದುಬಣ್ಣದ ಗುಂಡುಕಲ್ಲು. ಒದ್ದೆಯಾದರೆ ಆರು ಮೂಲೆಯ ಹವಳದ ಗೂಡುಗಳು ಒಂದರ ಪಕ್ಕದಲ್ಲೊಂದು ಎದ್ದು ಕಾಣುತ್ತವೆ. ನೀರಿನಲ್ಲದ್ದಿ ಬಹಳ ಹೊತ್ತು ನೋಡಿದಳು. ಅಲ್ಲಿಯೇ ಬಿಟ್ಟು ಬರುವಳೆಂದು ನಾನೆಣಿಸಿದ್ದೆ. ಬಿಡಲಿಲ್ಲ. ಒರಸಿಕೊಂಡು ತಂದು, ಮುಂದಿನ ಗೂಡಿನಲ್ಲೇ ಇಟ್ಟು ಅಗುಳಿ ಹಾಕಿದಳು.