ಕಡಲ ಮೀನಿಗೆ ಎಷ್ಟು ಹೊತ್ತು ಊಟ?

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳಿಗೆ ಪುರಿ ಎರಚದೆ ಹಿಂದಿರುಗುವುದು ಅಪರೂಪ. ಒಂದು ಹಿಡಿ ಪುರಿ ನೀರಿಗೆ ಬಿದ್ದೊಡನೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ನುಗ್ಗಿ ಬಾಯಿ ತೆರೆಯುತ್ತವೆ. ನೋಡುವವರಿಗೆ ಸಂತೋಷ, ಎರಚಿದವರಿಗೆ ಪುಣ್ಯ ಬಂದಿತೆಂಬ ತೃಪ್ತಿ. ಹೊಳೆಯಾದರೋ ಹರಿಯುತ್ತಲೇ ಇರುತ್ತದೆ. ಮೀನು ತಿನ್ನದೆ ಬಿಟ್ಟುದನ್ನೂ ತಿಂದು ವಿಸರ್ಜಿಸಿದುದನ್ನೂ ಅದು ಬಹುಮಟ್ಟಿಗೆ ತನ್ನೊಡನೆ ಹೊತ್ತುಕೊಂಡು ಹೋಗುತ್ತದೆ.

ಅದೇ ಕೈ ಅದೇ ಕರುಣೆಯಿಂದ ಮನೆಯೊಳಗಿನ ಗಾಜಿನ ತೊಟ್ಟಿಗೆ ಆಹಾರ ಹಾಕತೊಡಗಿದರೆ ಕಥೆ ಬೇರೆಯಾಗುತ್ತದೆ. ಅಲ್ಲಿ ಹರಿವಿಲ್ಲ. ತೊಟ್ಟಿಗೆ ಬಿದ್ದುದು ತೊಟ್ಟಿಯಲ್ಲಿಯೇ ಉಳಿಯಬೇಕು. ಅದರಲ್ಲಿಯೂ ತುಂಬಿರುವುದು ಕಡಲ ನೀರಾದರೆ, ವಾಸಿಸುವುದು ಹವಳದ ದಿಬ್ಬದ ಮೀನಾದರೆ, ತಪ್ಪಿಗೆ ಇರುವ ಅವಕಾಶ ಇನ್ನೂ ಕಡಿಮೆ. ಇಂಥ ಮೀನಿಗೆ ದಿನಕ್ಕೆ ಎಷ್ಟು ಸಲ ಆಹಾರ ಹಾಕಬೇಕು? ಮೇಲ್ನೋಟಕ್ಕೆ ಇದು ಮನೆವಾರ್ತೆಯ ಪ್ರಶ್ನೆ. ಉತ್ತರ ಹುಡುಕಹೊರಟರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರರ ನೆರವೂ ಬೇಕಾಗುತ್ತದೆ.

ಈ ಪಾಠವನ್ನು ನಾವು ಕಲಿತುದು ಪುಸ್ತಕದಿಂದಲ್ಲ. ಒಮ್ಮೆ ಮದುವೆಗೆಂದು ನಾಲ್ಕು ದಿನ ಊರು ಬಿಡಬೇಕಾಯಿತು. ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಒಂದು ಜೊತೆ ಕ್ಲೌನ್ ಮೀನು, ಎರಡು ನೀಲಿ ಡ್ಯಾಮ್ಸೆಲ್ ಮೀನು ಇದ್ದುವು. ನೆರೆಮನೆಯ ಹುಡುಗನ ಕೈಗೆ ಆಹಾರದ ಡಬ್ಬಿಯನ್ನು ಕೊಟ್ಟು, "ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಕಪ್ಪ" ಎಂದು ಹೇಳಿ ಹೊರಟೆವು. ಹುಡುಗ ಮಾತು ತಪ್ಪಲಿಲ್ಲ. ದಿನಕ್ಕೆ ಎರಡೇ ಸಲ ಹಾಕಿದ. ಆದರೆ ಪ್ರತಿ ಸಲವೂ ಮೀನುಗಳು ಗಾಜಿನ ಬಳಿ ಬಂದು ಬಾಯಾಡಿಸುವುದನ್ನು ಕಂಡು ಅವನ ಮನಸ್ಸು ಕರಗಿತು. ಇನ್ನೊಂದು ಚಿಟಿಕೆ, ಮತ್ತೊಂದು ಚಿಟಿಕೆ ಎಂದು ಸುರಿಯುತ್ತ ಹೋದ. ನಾವು ಹಿಂದಿರುಗಿದಾಗ ನೀರು ಅಕ್ಕಚ್ಚಿನಂತೆ ಬೆಳ್ಳಗಾಗಿತ್ತು. ಡ್ಯಾಮ್ಸೆಲ್ ಮೀನುಗಳೆರಡೂ ಸತ್ತಿದ್ದುವು. ಕ್ಲೌನ್ ಮೀನುಗಳು ನೀರಿನ ಮೇಲ್ಮೈಗೆ ಬಂದು ಏದುತ್ತಿದ್ದುವು. ಹುಡುಗನ ಕಣ್ಣಿನಲ್ಲಿ ನೀರು. ತಪ್ಪು ಅವನದಲ್ಲ, ನಮ್ಮದು. 'ಎಷ್ಟು ಸಲ' ಎಂಬುದನ್ನು ಹೇಳಿದ್ದೆವು. 'ಎಷ್ಟು' ಎಂಬುದನ್ನು ಹೇಳಿರಲಿಲ್ಲ. ಆ ನಾಲ್ಕು ದಿನ ಏನನ್ನೂ ಹಾಕದೆ ಬಿಟ್ಟಿದ್ದರೆ ನಾಲ್ಕು ಮೀನುಗಳೂ ಬದುಕಿರುತ್ತಿದ್ದುವು.

ದಿಬ್ಬದ ಮೇಲಿನ ಊಟ

ಮೊದಲು ಈ ಮೀನುಗಳು ತಮ್ಮ ತೌರಿನಲ್ಲಿ ಹೇಗೆ ಉಣ್ಣುತ್ತವೆಂಬುದನ್ನು ನೋಡೋಣ. ಲಕ್ಷದ್ವೀಪದಂಥ ಹವಳದ ದಿಬ್ಬಗಳ ಸುತ್ತಲಿನ ನೀರು ಕಣ್ಣಿಗೆ ತಂಪೆನಿಸುವ ತಿಳಿನೀಲಿ. ಆ ತಿಳಿಯೇ ಅಲ್ಲಿನ ಬಡತನದ ಗುರುತು. ನೀರಿನಲ್ಲಿ ತೇಲಾಡುವ ಸೂಕ್ಷ್ಮಜೀವಿಗಳು, ಎಂದರೆ ಪ್ಲಾಂಕ್ಟನ್, ಅಲ್ಲಿ ವಿರಳ. ಆದರೆ ಪ್ರವಾಹ ನಿಲ್ಲದೆ ಹರಿಯುತ್ತಿರುವುದರಿಂದ ಆ ವಿರಳವಾದ ತುತ್ತೇ ಒಂದಾದಮೇಲೊಂದರಂತೆ ಬರುತ್ತಲೇ ಇರುತ್ತದೆ. ಕ್ಲೌನ್ ಮೀನೂ ಡ್ಯಾಮ್ಸೆಲ್ ಮೀನೂ ಬೆಳಗಿನಿಂದ ಸಂಜೆಯವರೆಗೆ ಅದನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತವೆ. ಅವುಗಳ ಪಾಲಿಗೆ ಊಟದ ಹೊತ್ತೆಂಬುದೊಂದಿಲ್ಲ. ಹಗಲೆಲ್ಲ ಕುರುಕು ತಿಂಡಿ.

ಎಲ್ಲ ಮೀನುಗಳೂ ಹೀಗಲ್ಲ. ಸರ್ಜನ್ ಮೀನು ಗೋಮಾಳದ ಹಸುವಿನಂತೆ ಬಂಡೆಯ ಮೇಲಿನ ಪಾಚಿಯನ್ನು ದಿನವಿಡೀ ಮೇಯುತ್ತದೆ. ಸಿಂಹಮೀನು ಬೇಟೆಗಾರ, ತಕ್ಕ ಗಾತ್ರದ ಮೀನೊಂದನ್ನು ಇಡಿಯಾಗಿ ನುಂಗಿದರೆ ಮುಂದಿನ ಬೇಟೆಗೆ ಅವಸರವಿಲ್ಲ. ಕಡಲಕುದುರೆಗಾದರೋ ಜಠರವೇ ಇಲ್ಲ. ತಿಂದುದನ್ನು ಕೂಡಿಡುವ ಚೀಲವಿಲ್ಲದುದರಿಂದ ಅದು ಮತ್ತೆ ಮತ್ತೆ ತಿನ್ನುತ್ತಿರಬೇಕು. ಆದುದರಿಂದ 'ಎಷ್ಟು ಸಲ' ಎಂಬ ಪ್ರಶ್ನೆಗೆ ಒಂದೇ ಉತ್ತರವಿರುವುದು ಸಾಧ್ಯವಿಲ್ಲ. ಉತ್ತರ ಮೀನಿನ ಹೊಟ್ಟೆಯನ್ನು ಅವಲಂಬಿಸಿದೆ.

ಆದರೆ ಒಂದು ಮಾತು ಇವೆಲ್ಲಕ್ಕೂ ಸಮಾನ. ನಾವು ತಿನ್ನುವ ಅನ್ನದ ಬಹುಭಾಗ ಮೈಯನ್ನು 37 ಡಿಗ್ರಿಯಲ್ಲಿ ಬೆಚ್ಚಗಿಡುವುದರಲ್ಲಿ ವ್ಯಯವಾಗುತ್ತದೆ. ಮೀನಿಗೆ ಈ ಖರ್ಚಿಲ್ಲ. ನೀರಿನ ಉಷ್ಣತೆಯೇ ಅದರ ಮೈಯ ಉಷ್ಣತೆ. ನೀರು ಅದರ ಭಾರವನ್ನೂ ಹೊರುತ್ತದೆ. ಆದುದರಿಂದ ಅದೇ ತೂಕದ ಇಲಿಗೆ ಬೇಕಾಗುವ ಆಹಾರಕ್ಕಿಂತ ಬಹಳ ಕಡಿಮೆ ಆಹಾರ ಮೀನಿಗೆ ಸಾಕು. ಹಸಿದ ಮನುಷ್ಯನ ಕಷ್ಟವನ್ನು ಮೀನಿನ ಮೇಲೆ ಆರೋಪಿಸುವುದೇ ನಾವು ಮಾಡುವ ಮೊದಲ ತಪ್ಪು.

ಒಂದು ಗ್ರಾಂ ಆಹಾರದ ಲೆಕ್ಕ

ಈಗ ಹೊಟ್ಟೆಯನ್ನು ಬಿಟ್ಟು ನೀರಿನ ಕಡೆಗೆ ತಿರುಗೋಣ. ನಮ್ಮ ತೊಟ್ಟಿ 100 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಆಳ ಇರಲಿ. ಅದರಲ್ಲಿ 200 ಲೀಟರ್ ನೀರು ಹಿಡಿಸುತ್ತದೆ. ಅದಕ್ಕೆ ಒಂದು ಗ್ರಾಂ ಒಣ ಆಹಾರವನ್ನು ಹಾಕಿದೆವೆನ್ನೋಣ. ಅದರಲ್ಲಿ ಅರ್ಧಪಾಲು ಪ್ರೋಟೀನೆಂದು ಇಟ್ಟುಕೊಳ್ಳಬಹುದು. ಪ್ರೋಟೀನಿನ ತೂಕದಲ್ಲಿ ಸುಮಾರು ನೂರಕ್ಕೆ 16 ಪಾಲು ಸಾರಜನಕ. ಎಂದರೆ ಆ ಒಂದು ಗ್ರಾಂ ಆಹಾರದೊಡನೆ 80 ಮಿಲಿಗ್ರಾಂ ಸಾರಜನಕ ತೊಟ್ಟಿಗೆ ಇಳಿಯಿತು.

ಅದು ಎಲ್ಲಿಗೆ ಹೋಗುತ್ತದೆ? ಮೀನು ಒಂದು ಪಾಲನ್ನು ಮೈಯಾಗಿ ಮಾಡಿಕೊಳ್ಳುತ್ತದೆ. ಉಳಿದುದರ ಬಹುಭಾಗ ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಮರಳುತ್ತದೆ. ಮೀನು ತಿನ್ನದೆ ಬಿಟ್ಟ ಆಹಾರವನ್ನು ಬ್ಯಾಕ್ಟೀರಿಯ ಕೊಳೆಸುತ್ತವೆ. ಅದರಿಂದಲೂ ಹೊರಡುವುದು ಅಮೋನಿಯವೇ. ಅಷ್ಟೂ ಸಾರಜನಕ ಅಮೋನಿಯವಾಯಿತೆಂದರೆ ಪ್ರತಿ ಲೀಟರಿಗೆ 0.4 ಮಿಲಿಗ್ರಾಂ ಸೇರಿದಂತಾಯಿತು.

ಸಂಖ್ಯೆ ಚಿಕ್ಕದೆಂದು ತಾತ್ಸಾರ ಮಾಡುವಂತಿಲ್ಲ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ವಿದ್ಯುದಂಶವುಳ್ಳ ಅಮೋನಿಯಮ್ ಅಯಾನು ಒಂದು, ವಿದ್ಯುದಂಶವಿಲ್ಲದ ಅಮೋನಿಯ ಇನ್ನೊಂದು. ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಿ ಮೀನಿಗೆ ವಿಷವಾಗುವುದು ಎರಡನೆಯದು. ನೀರು ಕ್ಷಾರಗುಣದ್ದಾದಷ್ಟೂ ಈ ವಿಷರೂಪದ ಪಾಲು ಏರುತ್ತದೆ. ಸಿಹಿನೀರಿನ ತೊಟ್ಟಿಯ ಪಿಎಚ್ ಸಾಮಾನ್ಯವಾಗಿ 7ರ ಆಸುಪಾಸು. ಕಡಲ ನೀರಿನದು 8.2ರ ಸಮೀಪ. ಈ ವ್ಯತ್ಯಾಸವೊಂದರಿಂದಲೇ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಸಿಹಿನೀರಿನ ಮೀನು ಸಹಿಸಿಕೊಂಡ ಅದೇ ಚಿಟಿಕೆ ಕಡಲ ಮೀನಿಗೆ ಕುತ್ತಾಗುವುದು ಹೀಗೆ.

ಆಮ್ಲಜನಕದ ಲೆಕ್ಕ ಇನ್ನೂ ಗಂಭೀರವಾದುದು. ಉಪ್ಪು ಕರಗಿದ ನೀರಿನಲ್ಲಿ ಆಮ್ಲಜನಕ ಸಿಹಿನೀರಿನಲ್ಲಿ ಕರಗುವಷ್ಟು ಕರಗದು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದರೆ, ಕಡಲ ನೀರು ಹಿಡಿಯುವುದು 6.7 ಮಿಲಿಗ್ರಾಂ ಮಾತ್ರ. ಇಡೀ ತೊಟ್ಟಿಯಲ್ಲಿರುವುದು ಸುಮಾರು 1.34 ಗ್ರಾಂ. ಇಷ್ಟು ಆಮ್ಲಜನಕ ನಮ್ಮ ಸುತ್ತಲಿನ ಗಾಳಿಯಲ್ಲಿ ಬರಿಯ ಐದು ಲೀಟರಿನಲ್ಲಿರುತ್ತದೆ! ಇತ್ತ ಒಂದು ಗ್ರಾಂ ಒಣ ಆಹಾರ ಪೂರ್ತಿಯಾಗಿ ಕೊಳೆಯಲು ಒಂದು ಗ್ರಾಂಗೂ ಮೀರಿದ ಆಮ್ಲಜನಕ ಬೇಕು. ಅದರಿಂದ ಹೊರಟ ಅಮೋನಿಯ ನೈಟ್ರೇಟಾಗಲು ಮತ್ತೆ ಸುಮಾರು 0.37 ಗ್ರಾಂ. ಕೂಡಿದರೆ, ತಿನ್ನದೆ ಬಿಟ್ಟ ಒಂದೇ ಗ್ರಾಂ ಆಹಾರ 200 ಲೀಟರ್ ಕಡಲ ನೀರಿನ ಆಮ್ಲಜನಕವನ್ನೆಲ್ಲ ನುಂಗಬಲ್ಲುದು.

ಮೀನುಗಳು ನಿತ್ಯವೂ ಸಾಯದಿರುವುದಕ್ಕೆ ಕಾರಣವಿಷ್ಟೆ: ಈ ಖರ್ಚು ಒಮ್ಮೆಗೇ ಆಗುವುದಿಲ್ಲ, ಮತ್ತು ನೀರಿನ ಮೇಲ್ಮೈ ಗಾಳಿಯಿಂದ ಆಮ್ಲಜನಕವನ್ನು ಸದಾ ಸಾಲ ಪಡೆಯುತ್ತಿರುತ್ತದೆ. ನೀರನ್ನು ಕಲಕುವ ಪಂಪಿನ ಮುಖ್ಯ ಪ್ರಯೋಜನವೇ ಇದು. ವಿದ್ಯುತ್ತು ಹೋಗಿ ಪಂಪು ನಿಂತಿತೆಂದರೆ ಸಾಲ ಹುಟ್ಟುವುದು ಕಷ್ಟ. ಬೇಸಗೆಯಲ್ಲಿ ನೀರು 30 ಡಿಗ್ರಿಗೆ ಏರಿದರೆ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಮೀನಿನ ಉಸಿರಾಟವಾದರೋ ಹೆಚ್ಚುತ್ತದೆ. ಇಂಥ ವೇಳೆಯಲ್ಲಿ ಆಹಾರ ಹಾಕದಿರುವುದೇ ದಯೆ.

ಕಾಣದ ಕೆಲಸಗಾರರು

ಕೊಳೆಯುವಿಕೆಯ ತೊಂದರೆ ಗಾಜಿನ ತೊಟ್ಟಿಯಷ್ಟೇ ಹಳೆಯದು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ನೀರಿನ ಪಾತ್ರೆಯೊಂದರಲ್ಲಿ ಹೊಂಬಣ್ಣದ ಮೀನುಗಳನ್ನೂ ಜಲಸಸ್ಯವನ್ನೂ ಕೂಡಿಟ್ಟ ಪ್ರಯೋಗವನ್ನು ವರದಿ ಮಾಡಿದನು. ಸಸ್ಯ ಆಮ್ಲಜನಕವನ್ನು ಕೊಟ್ಟಿತಾದರೂ ಅದರ ಕೊಳೆತ ಎಲೆಗಳು ನೀರನ್ನು ಕೆಡಿಸಿದುವು. ಆ ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟ ಮೇಲೆ ನೀರು ತಿಳಿಯಾಯಿತು. ಮೂರನೆಯ ಪಾಲುದಾರನಿಲ್ಲದೆ ಸಂಸಾರ ಸಾಗದೆಂಬುದು ಹೀಗೆ ತಿಳಿದುಬಂದಿತು.

ಅಮೋನಿಯವನ್ನು ನೀಗುವ ಪಾಲುದಾರರು ಕಣ್ಣಿಗೆ ಕಾಣುವವರಲ್ಲ. ಬ್ಯಾಕ್ಟೀರಿಯಗಳಲ್ಲಿ ಒಂದು ಬಳಗ ಅಮೋನಿಯವನ್ನು ನೈಟ್ರೈಟನ್ನಾಗಿಯೂ ಇನ್ನೊಂದು ಬಳಗ ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಇವನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ 1890ರ ಸುಮಾರಿನಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು. 2005ರಲ್ಲಿ ಇನ್ನೊಂದು ಸೋಜಿಗ ಪ್ರಕಟವಾಯಿತು. ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದಲ್ಲಿ, ಉಷ್ಣವಲಯದ ಕಡಲ ತೊಟ್ಟಿಯಿಂದ, ಬ್ಯಾಕ್ಟೀರಿಯವಲ್ಲದ ಆರ್ಕಿಯ ಎಂಬ ಬೇರೊಂದು ಕುಲದ ಸೂಕ್ಷ್ಮಜೀವಿಯನ್ನು ಬೇರ್ಪಡಿಸಲಾಯಿತು. ಅದೂ ಅಮೋನಿಯವನ್ನು ಉಂಡು ಬದುಕುವುದೇ. ಇಂದು ಅದಕ್ಕೆ ನೈಟ್ರೊಸೊಪ್ಯುಮಿಲಸ್ ಎಂದು ಹೆಸರು.

ಈ ಕೆಲಸಗಾರರು ನಂಬಿಗಸ್ತರು, ಆದರೆ ನಿಧಾನಿಗಳು. ಹೊಸ ತೊಟ್ಟಿಯಲ್ಲಿ ಅವರು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕೊಳೆಸುವ ಬ್ಯಾಕ್ಟೀರಿಯ ಅನುಕೂಲ ಸಿಕ್ಕಿದರೆ ಗಂಟೆಯೊಳಗೆ ಇಮ್ಮಡಿಯಾಗಬಲ್ಲುವು. ಅಮೋನಿಯವನ್ನು ನೀಗುವವು ಇಮ್ಮಡಿಯಾಗಲು ಅರ್ಧ ದಿನವೋ ಅದಕ್ಕಿಂತ ಹೆಚ್ಚೋ ಬೇಕು. ನಿತ್ಯದ ಪಾಲಿಗೆ ಹೊಂದಿಕೊಂಡ ತೊಟ್ಟಿಗೆ ಒಮ್ಮೆಗೇ ಮೂರು ಪಟ್ಟು ಆಹಾರ ಬಿದ್ದರೆ ಕೊಳೆಸುವವರು ಮುಂದೆ ಓಡುತ್ತಾರೆ, ಶುಚಿಮಾಡುವವರು ಹಿಂದುಳಿಯುತ್ತಾರೆ. ನಮ್ಮ ತೊಟ್ಟಿಯ ಬೆಳ್ಳನೆಯ ನೀರು ಕೊಳೆಸುವವರ ದಂಡೇ ಆಗಿತ್ತು. ಡ್ಯಾಮ್ಸೆಲ್ ಮೀನುಗಳು ಸತ್ತುದು ಹಸಿವಿನಿಂದಲ್ಲ. ಉಸಿರು ಕಟ್ಟಿ, ವಿಷವೇರಿ.

ಕಡೆಯಲ್ಲಿ ಉಳಿಯುವ ನೈಟ್ರೇಟು ಅಷ್ಟು ಕ್ರೂರವಲ್ಲ. ಆದರೆ ಅದು ಕೂಡುತ್ತ ಹೋಗುತ್ತದೆ. ಮೇಲಿನ ಲೆಕ್ಕದಂತೆ ಒಂದು ಗ್ರಾಂ ಆಹಾರ ಹೆಚ್ಚೆಂದರೆ ಲೀಟರಿಗೆ ಸುಮಾರು 1.8 ಮಿಲಿಗ್ರಾಂ ನೈಟ್ರೇಟನ್ನು ಸೇರಿಸುತ್ತದೆ. ನಿತ್ಯವೂ ಒಂದು ಗ್ರಾಂ ಹಾಕಿದರೆ ತಿಂಗಳಿಗೆ 50ನ್ನು ಮೀರಬಹುದು. ಆಗಾಗ ಒಂದಷ್ಟು ನೀರನ್ನು ತೆಗೆದು ಹೊಸ ಉಪ್ಪುನೀರನ್ನು ತುಂಬುವುದು ಇದಕ್ಕಾಗಿಯೇ. ತುಂಗೆ ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಮನೆಯಲ್ಲಿ ಬಕೆಟ್ಟು ಹಿಡಿದು ನಾವು ಮಾಡಬೇಕು.

ಹಾಗಾದರೆ ಎಷ್ಟು ಸಲ?

ನಾವು ಒಂದೆಂದು ತಿಳಿದಿದ್ದ ಪ್ರಶ್ನೆ ಈಗ ಎರಡಾಯಿತು. ಎಷ್ಟು ಸಲ ಎಂಬುದನ್ನು ನಿರ್ಧರಿಸುವುದು ಮೀನಿನ ಹೊಟ್ಟೆ. ಒಟ್ಟು ಎಷ್ಟು ಎಂಬುದನ್ನು ನಿರ್ಧರಿಸುವುದು ತೊಟ್ಟಿಯ ನೀರು. ಆದುದರಿಂದ ಮೊದಲು ದಿನದ ಒಟ್ಟು ಪಾಲನ್ನು ಗೊತ್ತುಮಾಡಿಕೊಳ್ಳಬೇಕು. ಬಳಿಕ ಅದನ್ನು ಹೊತ್ತುಗಳಿಗೆ ಹಂಚಬೇಕು. ಸಲಗಳು ಹೆಚ್ಚಿದಂತೆ ಪಾಲು ಭಾಗವಾಗಬೇಕೇ ಹೊರತು ಗುಣವಾಗಬಾರದು.

ಕ್ಲೌನ್, ಡ್ಯಾಮ್ಸೆಲ್ ಮೊದಲಾದ ಬೆಳೆದ ಮೀನುಗಳಿಗೆ ದಿನಕ್ಕೆ ಎರಡು ಸಲ, ಬಿಡುವಿದ್ದರೆ ಮೂರು ಸಲ, ಎರಡು ನಿಮಿಷದೊಳಗೆ ತಿಂದು ಮುಗಿಸುವಷ್ಟು ಹಾಕಿದರೆ ಸಾಕು. ಮರಿಗಳಿಗೆ ಇನ್ನೂ ಹೆಚ್ಚು ಸಲ, ಇನ್ನೂ ಚಿಕ್ಕ ತುತ್ತು. ಸರ್ಜನ್ ಮೀನಿಗೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಸಿಕ್ಕಿಸಿಟ್ಟು, ಮೇಯ್ದು ಉಳಿದುದನ್ನು ಸಂಜೆಗೆ ತೆಗೆಯಬೇಕು. ಸಿಂಹಮೀನಿಗೆ ವಾರದಲ್ಲಿ ಎರಡು ಮೂರು ಸಲ ಸಾಕು. ಕಡಲಕುದುರೆಯ ಮಾತು ಬೇಡ; ನಮ್ಮ ದೇಶದಲ್ಲಿ 2001ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಸೇರಿಸಲಾಗಿದೆ. ಮಂಜುಗಟ್ಟಿಸಿದ ಸಿಗಡಿಯಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ನೀರೇ ಇರುವುದರಿಂದ ಅದರ ಒಂದು ಗ್ರಾಂ ಒಣ ಆಹಾರದ ಒಂದು ಗ್ರಾಂಗೆ ಸಮವಲ್ಲ. ಕರಗಿಸಿ, ತೊಳೆದು, ನೀರನ್ನು ಚೆಲ್ಲಿ ಹಾಕಬೇಕು. ಆರೋಗ್ಯವಾಗಿರುವ ಬೆಳೆದ ಮೀನಿಗೆ ವಾರಕ್ಕೊಂದು ದಿನ ಉಪವಾಸವಾದರೆ ಬಾಧಕವಿಲ್ಲ.

ಮೀನು ಗಾಜಿನ ಬಳಿ ಬಂದು ಬೇಡುತ್ತದಲ್ಲ ಎಂದು ಕೇಳಬಹುದು. ನಮ್ಮ ನೆರಳು ಬಿದ್ದಾಗಲೆಲ್ಲ ತುತ್ತು ಬೀಳುವುದನ್ನು ಅದು ಕಲಿತಿದೆ. ತೌರಿನಲ್ಲಿ ಮುಂದಿನ ತುತ್ತಿನ ಭರವಸೆ ಇಲ್ಲದುದರಿಂದ ಸಿಕ್ಕಿದಾಗ ತಿನ್ನುವುದು ಅದರ ಸ್ವಭಾವ. ಬೇಡಿದ ಮಾತ್ರಕ್ಕೆ ಹಸಿದಿದೆಯೆಂದಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೂಕ್ಷ್ಮ ತಕ್ಕಡಿಯ ಅನುಕೂಲವುಳ್ಳ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ತಮ್ಮ ಕೈಯ ಹತ್ತು ಚಿಟಿಕೆ ಆಹಾರವನ್ನು ತೂಗಿ ಹತ್ತರಿಂದ ಭಾಗಿಸಲಿ. ತಮ್ಮ ತೊಟ್ಟಿಯ ಲೀಟರುಗಳನ್ನು ಅಳೆದು ಮೇಲಿನ ಲೆಕ್ಕವನ್ನು ತಾವೇ ಹಾಕಲಿ. ಬೇರೆಯವರ ಚಿಟಿಕೆಯನ್ನೂ ತೂಗಲಿ. ಒಬ್ಬರ ಚಿಟಿಕೆ ಇನ್ನೊಬ್ಬರ ಚಿಟಿಕೆಗೆ ಎಷ್ಟು ಪಟ್ಟೆಂಬುದು ಆಗ ತಿಳಿಯುತ್ತದೆ.

ಮರುವರ್ಷ ಮತ್ತೆ ಊರಿಗೆ ಹೊರಟಾಗ, ಈ ಸಲ ಎಂಟು ದಿನಕ್ಕೆ, ಅದೇ ಹುಡುಗನನ್ನು ಕರೆದೆವು. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ತೂಗಿ ಕಟ್ಟಿದ ನಾಲ್ಕು ಕಾಗದದ ಪೊಟ್ಟಣಗಳನ್ನು ಅವನ ಕೈಗಿಟ್ಟು, "ದಿನ ಬಿಟ್ಟು ದಿನ ಒಂದೊಂದು" ಎಂದೆವು. ಅವನು ಪೊಟ್ಟಣವನ್ನು ಬಿಚ್ಚಿ ನೋಡಿ, "ಇಷ್ಟೇನಾ ಸಾರ್?" ಎಂದ. ಹಿಂದಿರುಗಿದಾಗ ಎರಡು ಕ್ಲೌನ್ ಮೀನುಗಳೂ ಗಾಜಿನ ಬಳಿಗೆ ಬಂದು ಬಾಯಾಡಿಸಿದುವು. ನೀರು ತಿಳಿಯಾಗಿತ್ತು.