ಭೂಮಿಯಲ್ಲಿ ದೊರೆತ ಹಳೆಯ ಗುಂಡಿ ಹಾಗೂ ಬಕಲ್‌ಗಳನ್ನು ಗುರುತಿಸುವ ಬಗ್ಗೆ

ಹೊಲ ಉಳುವಾಗ, ಮನೆಯ ಪಾಯ ತೆಗೆಯುವಾಗ ಅಥವಾ ಲೋಹಶೋಧಕದ ನೆರವಿನಿಂದ ದೊರೆಯುವ ದುಂಡನೆಯ ಲೋಹದ ಬಿಲ್ಲೆಗಳನ್ನು ನಾಣ್ಯಗಳೆಂದು ಭಾವಿಸುವುದುಂಟು. ಬಿಲ್ಲೆಯ ಹಿಂಬದಿಯ ನಡುವೆ ಕುಣಿಕೆ ಅಥವಾ ಅದು ಮುರಿದ ಗುರುತು ಇದ್ದಲ್ಲಿ ಅದು ಉಡುಪಿನ ಗುಂಡಿಯಾಗಿರುವ ಸಂಭವವೇ ಹೆಚ್ಚು. ಕಾಸಿನ ಸರದ ನಾಣ್ಯಕ್ಕಾದರೆ ಕುಣಿಕೆಯು ಅಂಚಿನಲ್ಲಿರುತ್ತದೆ.

1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ 12, 33, 73, 74 ಮುಂತಾದ ಸಂಖ್ಯೆಯ ಬ್ರಿಟಿಷ್ ಕಾಲಾಳು ರೆಜಿಮೆಂಟುಗಳು ಪಾಲ್ಗೊಂಡಿದ್ದವು. 1809ರಲ್ಲಿ ಸೇನಾ ನೆಲೆಯು ಬೆಂಗಳೂರಿನ ದಂಡು ಪ್ರದೇಶಕ್ಕೆ ಸ್ಥಳಾಂತರಗೊಂಡಿತು. ಈ ರೆಜಿಮೆಂಟುಗಳ ಗುಂಡಿಗಳ ಮೇಲೆ ಆಯಾ ಸಂಖ್ಯೆಯನ್ನು ನಮೂದಿಸುವ ಪದ್ಧತಿಯು 1767ರಿಂದ ಜಾರಿಗೆ ಬಂದಿತು. ಸಾಮಾನ್ಯ ಸೈನಿಕರ ಗುಂಡಿಗಳು 1855ರವರೆಗೆ ತವರದ ಮಿಶ್ರಲೋಹದವು, ಅನಂತರ ಹಿತ್ತಾಳೆಯವು. 1871ರಿಂದ ಸಂಖ್ಯೆಯ ಬದಲಿಗೆ ರಾಜಲಾಂಛನವುಳ್ಳ ಒಂದೇ ಮಾದರಿಯು ಬಳಕೆಗೆ ಬಂದಿತು. ಆದ್ದರಿಂದ ಸಂಖ್ಯೆಯುಳ್ಳ ತವರದ ಗುಂಡಿಯು ಯಾವ ಪಡೆ ಎಲ್ಲಿ ಬೀಡುಬಿಟ್ಟಿತ್ತು ಎಂಬುದಕ್ಕೆ ಸಾಕ್ಷ್ಯವಾಗಬಲ್ಲದು.

ಹಿಂಬದಿಯಲ್ಲಿ ತಯಾರಕರ ಹೆಸರು ಹಾಗೂ ಬೀದಿಯ ವಿಳಾಸವಿದ್ದಲ್ಲಿ ಕಾಲನಿರ್ಣಯ ಮತ್ತಷ್ಟು ಸುಲಭ. ಗಂಡಭೇರುಂಡದ ಗುರುತು ಮೈಸೂರು ಸಂಸ್ಥಾನವನ್ನು ಸೂಚಿಸಬಹುದಾದರೂ, ಇಂದಿನ ರಾಜ್ಯ ಲಾಂಛನದಲ್ಲಿಯೂ ಅದು ಇರುವುದರಿಂದ ಅದೊಂದನ್ನೇ ಪ್ರಾಚೀನತೆಯ ಆಧಾರವೆಂದು ಪರಿಗಣಿಸಲಾಗದು.

ಬಕಲ್‌ಗಳ ಪೈಕಿ ಹಾವಿನಾಕಾರದ ಕೊಕ್ಕೆಯುಳ್ಳವು ಹತ್ತೊಂಬತ್ತನೆಯ ಶತಮಾನದಲ್ಲಿ ಸೈನಿಕರಲ್ಲದೆ ಇತರರಲ್ಲಿಯೂ ಬಳಕೆಯಲ್ಲಿದ್ದವು. ಅಕ್ಷರ, ಸಂಖ್ಯೆ ಅಥವಾ ಕಿರೀಟದ ಗುರುತಿಲ್ಲದ ಬಕಲ್‌ನ ಕಾಲವನ್ನು ಆಕಾರ ಮಾತ್ರದಿಂದ ಹೇಳುವುದು ಕಠಿಣ.

ದೊರೆತ ವಸ್ತುವನ್ನು ಹುಣಸೆಹುಳಿ, ನಿಂಬೆರಸ ಅಥವಾ ಬೂದಿಯಿಂದ ಉಜ್ಜಬಾರದು. ಕಿಲುಬಿನೊಡನೆ ಅಕ್ಷರಗಳೂ ಅಳಿಸಿಹೋಗುತ್ತವೆ. ಅನಂತರ ತಜ್ಞರೂ ಏನನ್ನೂ ಓದಲಾರರು. ಒಣಗಿದ ಮಣ್ಣನ್ನು ಮೃದುವಾದ ಕುಂಚದಿಂದ ತೆಗೆದು, ಎರಡೂ ಮುಖಗಳ ಛಾಯಾಚಿತ್ರ, ಸರ್ವೆ ನಂಬರು, ಆಳ ಹಾಗೂ ದಿನಾಂಕವನ್ನು ಬರೆದಿಡತಕ್ಕದ್ದು. ಸ್ಥಳದ ವಿವರವಿಲ್ಲದ ಗುಂಡಿಯ ಐತಿಹಾಸಿಕ ಮೌಲ್ಯ ಬಹುಮಟ್ಟಿಗೆ ನಷ್ಟವಾದಂತೆಯೇ ಸರಿ.

ಸಂರಕ್ಷಿತ ಸ್ಮಾರಕಗಳ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಕಾನೂನುಬಾಹಿರ. 100 ವರ್ಷ ಅಥವಾ ಅದಕ್ಕಿಂತ ಹಳೆಯದಾದ, ಐತಿಹಾಸಿಕ ಮಹತ್ವವುಳ್ಳ ವಸ್ತುಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ವ್ಯಾಪ್ತಿಗೆ ಒಳಪಡುತ್ತವೆ. ಇಂತಹವನ್ನು ಅಂತರಜಾಲದ ಮೂಲಕ ವಿದೇಶದ ಸಂಗ್ರಾಹಕರಿಗೆ ಮಾರಿ ಕಳುಹಿಸಲು ಖಾಸಗಿ ವ್ಯಕ್ತಿಗಳಿಗೆ ಅವಕಾಶವಿಲ್ಲ.

ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತುಗಳಿಗೆ ಕರ್ನಾಟಕ ನಿಧಿ ನಿಕ್ಷೇಪಗಳ ಅಧಿನಿಯಮ, 1962 ಅನ್ವಯಿಸುತ್ತದೆ. ಒಂಟಿ ಗುಂಡಿಗೇನು ಬೆಲೆಯೆಂದು ಸುಮ್ಮನಿರದೆ, ವಸ್ತುವಿನ ಸ್ವರೂಪ, ದೊರೆತ ಸ್ಥಳ ಹಾಗೂ ದಿನಾಂಕವನ್ನು ನಮೂದಿಸಿ ಜಿಲ್ಲಾಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡಿ, ಸ್ವೀಕೃತಿ ಪಡೆಯುವಂತೆ ಸಾರ್ವಜನಿಕರನ್ನು ಕೋರಲಾಗಿದೆ.