ಪಿತ್ತದ ಬಾಗಿಲಲ್ಲಿ ನುಗ್ಗುವ ವೈರಸ್

ಹೆಪಟೈಟಿಸ್ ಬಿ ವೈರಸ್ ರಕ್ತದ ಜೊತೆ ದೇಹವೆಲ್ಲ ಸುತ್ತುತ್ತದೆ. ಮೂತ್ರಪಿಂಡ, ಹೃದಯ, ಸ್ನಾಯು ಎಲ್ಲವನ್ನೂ ಹಾದು ಹೋಗುತ್ತದೆ. ಬೀಡು ಬಿಡುವುದು ಮಾತ್ರ ಯಕೃತ್ತಿನಲ್ಲಿ. ಬರೀ 42 ನ್ಯಾನೊಮೀಟರ್ ಅಡ್ಡಳತೆಯ ಈ ಕಣ ಯಕೃತ್ತಿನ ಜೀವಕೋಶವನ್ನು ಗುರುತು ಹಿಡಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2012ರಲ್ಲಿ.

ವೈರಸ್ಸಿನ ಹೊರಕವಚ ಕೊಬ್ಬಿನ ಪೊರೆ. ಅದರಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಮೂರು ಪ್ರೊಟೀನುಗಳು ನಾಟಿಕೊಂಡಿವೆ. ವಿಜ್ಞಾನಿ ಬರೂಕ್ ಬ್ಲುಂಬರ್ಗ್ 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡದ್ದು ಈ ಕವಚದ ಪ್ರೊಟೀನನ್ನೇ; ಅವರಿಗೆ 1976ರಲ್ಲಿ ನೊಬೆಲ್ ಬಂತು. ಲ್ಯಾಬ್ ವರದಿಗಳಲ್ಲಿ ‘ಎಚ್‌ಬಿಎಸ್‌ಎಜಿ’ ಎಂದು ಕಾಣುವುದೂ ಇದೇ.

ವೈರಸ್ ಮೊದಲು ಜೀವಕೋಶದ ಮೈಮೇಲಿನ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳಿಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಆಮೇಲಿನದು ದೊಡ್ಡ ಪ್ರೊಟೀನಿನ ಕೆಲಸ. ಅದರ ಮುಂತುದಿಗೆ ಮಿರಿಸ್ಟಿಕ್ ಆಮ್ಲ ಅಂಟಿಕೊಂಡಿದೆ. ಜಾಯಿಕಾಯಿಯ ಕೊಬ್ಬಿನಲ್ಲಿ ಹೇರಳವಾಗಿರುವ ಆಮ್ಲವೇ ಅದು. ಆ ತುದಿ ಹೋಗಿ ಹಿಡಿಯುವುದು ಎನ್‌ಟಿಸಿಪಿ ಎಂಬ ಸಾಗಣೆ ಪ್ರೊಟೀನನ್ನು. ಊಟದ ಜಿಡ್ಡು ಕರಗಿಸಲು ಕರುಳಿಗೆ ಇಳಿದ ಪಿತ್ತಲವಣಗಳು ರಕ್ತದ ಮೂಲಕ ಹಿಂದಿರುಗಿದಾಗ ಅವನ್ನು ಯಕೃತ್ತಿನ ಕೋಶದೊಳಕ್ಕೆ ಎಳೆದುಕೊಳ್ಳುವುದು ಎನ್‌ಟಿಸಿಪಿಯ ನಿತ್ಯದ ಕಾಯಕ. ಯಕೃತ್ತು ಮುಚ್ಚಿಡಲಾಗದ ಬಾಗಿಲನ್ನೇ ವೈರಸ್ ಆರಿಸಿಕೊಂಡಿದೆ. ಅಲ್ಲಿ ಕಚ್ಚಿಕೊಂಡ ಮೇಲೆ ಕೋಶವೇ ಅದನ್ನು ಒಳಗೆ ಸೆಳೆದುಕೊಳ್ಳುತ್ತದೆ.

ಇದನ್ನು ಪತ್ತೆ ಮಾಡಿದವರು ಬೀಜಿಂಗಿನ ವೆನ್‌ಹುಯಿ ಲಿ ಮತ್ತು ಸಂಗಡಿಗರು. ಮನುಷ್ಯರ ಹೆಪಟೈಟಿಸ್ ಬಿ ತಗಲುವ ಬೆರಳೆಣಿಕೆಯ ಪ್ರಾಣಿಗಳಲ್ಲಿ ಟುಪಾಯ ಒಂದು. ಅಳಿಲಿನಂತೆ ಕಾಣುವ ಪುಟ್ಟ ಜೀವಿ. ದೊಡ್ಡ ಪ್ರೊಟೀನಿನ ತುದಿಯನ್ನು ಗಾಳದ ಎರೆಯಂತೆ ಟುಪಾಯದ ಯಕೃತ್ ಕೋಶಗಳಿಗೆ ಒಡ್ಡಿ, ಕಚ್ಚಿದ್ದು ಯಾವುದೆಂದು ಅವರು ನೋಡಿದರು. ಎನ್‌ಟಿಸಿಪಿ ಸಿಕ್ಕಿತು. ಅದುವರೆಗೆ ಸೋಂಕೇ ತಗಲದಿದ್ದ ಮನುಷ್ಯರ ಯಕೃತ್ ಕ್ಯಾನ್ಸರ್ ಕೋಶಗಳಿಗೆ ಈ ಪ್ರೊಟೀನ್ ಸೇರಿಸಿದಾಗ ಸೋಂಕು ತಗಲಿತು. ಏಡಿ ತಿನ್ನುವ ಮಕಾಕ್ ಕೋತಿಗಳಲ್ಲೂ ಎನ್‌ಟಿಸಿಪಿ ಇದೆ. ಆದರೆ ಅದರ 158ನೇ ಸ್ಥಾನದ ಅಮೈನೊ ಆಮ್ಲ ನಮ್ಮದಕ್ಕಿಂತ ಬೇರೆ. ಅಷ್ಟೇ ಸಾಕು, ವೈರಸ್ಸಿಗೆ ಹಿಡಿತ ಸಿಗುವುದಿಲ್ಲ!

ಈ ಅರಿವು ಮದ್ದೂ ಆಗಿದೆ. ಹೆಪಟೈಟಿಸ್ ಡಿ ವೈರಸ್ಸಿಗೆ ಸ್ವಂತ ಕವಚವಿಲ್ಲ. ಬಿ ವೈರಸ್ಸಿನ ಕವಚವನ್ನೇ ಹೊದ್ದು ಅದೇ ಬಾಗಿಲಲ್ಲಿ ನುಗ್ಗುತ್ತದೆ. ಬುಲೆವಿರ್ಟೈಡ್ ಎಂಬ ಔಷಧ ದೊಡ್ಡ ಪ್ರೊಟೀನಿನ ತುದಿಯದೇ ನಕಲು, 47 ಅಮೈನೊ ಆಮ್ಲಗಳ ತುಣುಕು. ಅದು ಎನ್‌ಟಿಸಿಪಿಯನ್ನು ಮೊದಲೇ ಹಿಡಿದು ಕೂರುತ್ತದೆ. ಹೆಪಟೈಟಿಸ್ ಡಿ ಚಿಕಿತ್ಸೆಗೆ ಯುರೋಪ್ 2020ರಲ್ಲಿ ಷರತ್ತಿನ ಅನುಮತಿ ಕೊಟ್ಟಿತು. ಇದನ್ನು ಪಡೆಯುವವರ ರಕ್ತದಲ್ಲಿ ಪಿತ್ತಲವಣ ಏರುತ್ತದೆ. ಬಾಗಿಲು ನಿಜಕ್ಕೂ ಅದೇ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಸೋಂಕಿತ ಕೋಶಗಳು ಒಳಗೆ ಏನೂ ಇಲ್ಲದ ಕವಚದ ಕಣಗಳನ್ನೂ ರಕ್ತಕ್ಕೆ ಸುರಿಯುತ್ತವೆ, ನಿಜವಾದ ವೈರಸ್ಸಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ. ನಮ್ಮ ಪ್ರತಿಕಾಯಗಳು ಅವಕ್ಕೆ ಅಂಟಿ ವ್ಯರ್ಥವಾಗುತ್ತವೆ. ಅಂಥದೇ ಪೊಳ್ಳು ಕಣಗಳನ್ನು ಯೀಸ್ಟ್‌ನಲ್ಲಿ ಬೆಳೆಸಿ ಲಸಿಕೆ ಮಾಡಿದ್ದು ನನ್ನ ಮಟ್ಟಿಗೆ ಈ ಕಥೆಯ ಅತ್ಯುತ್ತಮ ಭಾಗ. ಅದು 1986ರಲ್ಲಿ ಬಂತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ನಮ್ಮಲ್ಲೇ ತಯಾರಿಸಿತು. ಲಸಿಕೆಯಿಂದಾಗಿ ಚಿಕ್ಕ ಪ್ರೊಟೀನಿನ ವಿರುದ್ಧ ಎದ್ದ ಪ್ರತಿಕಾಯಗಳು ವೈರಸ್ ಬಾಗಿಲು ಮುಟ್ಟುವ ಮೊದಲೇ ಅದನ್ನು ತಡೆಯುತ್ತವೆ.

ಹುಟ್ಟಿದಾಗ ತಾಯಿಯಿಂದ ಸೋಂಕು ತಗಲಿದ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತಕ್ಕೆ ಅದು ದೀರ್ಘಕಾಲ ಉಳಿಯುತ್ತದೆ. ಕಾಮಾಲೆ ಕಾಣಲೇಬೇಕೆಂದಿಲ್ಲ, ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತ ಹೋಗಬಹುದು. ನಿಮ್ಮ ಮನೆಯಲ್ಲಿ ಮಗು ಹುಟ್ಟಿದರೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹಾಕಿದ್ದಾರೆಯೇ ಎಂದು ದಯವಿಟ್ಟು ಕೇಳಿ ತಿಳಿದುಕೊಳ್ಳಿ.